ಉತ್ತರ ಕೊಡದ ವಿಳಾಸಗಳು: ಒಂಬತ್ತನೆಯ ಕಂತು

"ಈ ಸೀಲು ನನ್ನ ಕೈಯದೇ, ಮಗಳೇ. ಆದರೆ ಮಾಡಿಸಿಕೊಂಡು ಹೋದವರು ಕಳ್ಳರಲ್ಲ."

ಕಲ್ಯಾಣಿಯಮ್ಮ ಭೂತಗನ್ನಡಿಯನ್ನು ಕಾಗದದ ಮೇಲಿನಿಂದ ಎತ್ತದೆಯೇ ಹೇಳಿದರು. ಕೇರಳದ ರಾಜಧಾನಿಯ ಚಾಲೈ ಬೀದಿಯಲ್ಲಿ ಎರಡು ಪಾತ್ರೆ ಅಂಗಡಿಗಳ ನಡುವೆ ಸಿಕ್ಕಿಕೊಂಡಂತಿದ್ದ ಆ ಸ್ಟಾಂಪಿನ ಅಂಗಡಿಗೆ ಒಂದು ಬಾಗಿಲಿನಷ್ಟೇ ಅಗಲ. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು. ನಿಶ್ಮಿತಾ ನಿಂತಿದ್ದಳು. ಅವಳ ಬೆನ್ನ ಹಿಂದೆ ಮೂಟೆ ಹೊತ್ತವರು ದಾರಿ ಬಿಡಿಸಿಕೊಳ್ಳುತ್ತ ಸಾಗುತ್ತಿದ್ದರು. ಒಣಮೆಣಸಿನ ಘಾಟು ಮೂಗಿಗೆ ಹತ್ತುತ್ತಿತ್ತು.

"ಕಳ್ಳರಲ್ಲ ಅಂತ ಹೇಗೆ ಹೇಳ್ತೀರಮ್ಮ?" ಅವಳು ಮಲಯಾಳದಲ್ಲಿ ಕೇಳಿದಳು.

"ಕಳ್ಳ ಸೀಲು ಬೇಕಾದವರಿಗೆ ಅವಸರ. ದುಂಡಗಿದ್ದು ಹೆಸರು ಓದುವ ಹಾಗಿದ್ದರೆ ಸಾಕು. ಈ ಹೆಂಗಸು ಹಾಗಲ್ಲ. ದೀಪಸ್ತಂಭದ ಕೆಳಗೆ ನಾನು ಆರು ಅಲೆ ಕೊರೆದಿದ್ದೆ. ಏಳಿರಬೇಕು ಅಂತ ಹಟ ಹಿಡಿದು ಮತ್ತೆ ಮಾಡಿಸಿಕೊಂಡಳು. ಸೀಲಿನಲ್ಲಿ ಅಲೆ ಎಷ್ಟು ಅಂತ ಯಾರು ಎಣಿಸ್ತಾರೆ, ಹೇಳು?"

ಎಣಿಸುವವರು ಒಬ್ಬರೇ, ಎಂದುಕೊಂಡಳು ನಿಶ್ಮಿತಾ. ಆ ಸೀಲನ್ನು ವರ್ಷಗಟ್ಟಲೆ ತಮ್ಮ ಕೈಯಾರೆ ಒತ್ತಿದವರು.

ಕಾಗದದ ಕೊನೆಯಲ್ಲಿ ಸೀಲಿನ ಪಕ್ಕ ಇದ್ದದ್ದು, ಈಗ ಮುಚ್ಚಿಹೋಗಿರುವ ತೀರಸೂಚನಾ ಕೇಂದ್ರದ ಹಿಂದಿನ ನಿರ್ದೇಶಕ ಉಪೇಂದ್ರ ರಾಯರ ಸಹಿ. ಮೈಸೂರಿನಲ್ಲಿ ನೆಲೆಸಿರುವ ರಾಯರು ನಿನ್ನೆಯಷ್ಟೇ ಫೋನಿನಲ್ಲಿ, "ಆ ಸಹಿ ನಂದಲ್ಲಮ್ಮ" ಎಂದಿದ್ದರು.

"ನೋಡಲಿಕ್ಕೆ ಹೇಗಿದ್ದರು?"

"ಅರವತ್ತು ದಾಟಿರಬೇಕು. ಬಿಳಿಕೂದಲು, ಗಿಡ್ಡ ಜಡೆ. ಮಾತು ಥೇಟ್ ನಿನ್ನದೇ. ಉತ್ತರದ ಆ ಕೊನೆಯ ಮಲಯಾಳ. ನಮಗೆ ಅರ್ಧ ತಿಳಿಯುವುದೇ ಇಲ್ಲ." ಕಲ್ಯಾಣಿಯಮ್ಮ ಆರ್ಡರ್ ಪುಸ್ತಕವನ್ನು ಎಳೆದುಕೊಂಡು ಬೆರಳಿಗೆ ಉಗುಳು ಹಚ್ಚಿ ಹಾಳೆ ಮಗುಚಿದರು. "ಇಗೋ. ಜನವರಿ ಒಂಬತ್ತು."

ನಿಶ್ಮಿತಾ ಆ ತಾರೀಕನ್ನು ಎರಡು ಸಲ ಓದಿದಳು. ಕಾಸರಗೋಡಿನ ಮಲಯಾಳ ಅವಳನ್ನು ಅಷ್ಟಾಗಿ ಬೆಚ್ಚಿಸಲಿಲ್ಲ. ಕೇಂದ್ರದ ಹಳೆಯ ನೌಕರರ ಪಟ್ಟಿಯಲ್ಲಿ ಆ ಕಡೆಯ ಹೆಸರು ಒಂದೇ ಒಂದಿತ್ತು: ದಾಕ್ಷಾಯಣಿ. ಬೆಚ್ಚಿಸಿದ್ದು ತಾರೀಕು.

ನೋಟಿಸು ಹೊರಟದ್ದು ಫೆಬ್ರವರಿ ಮೂರಕ್ಕೆ.

ಅಂತರ್ಜಾಲಕ್ಕೆ ಸೇರುವ ಪ್ರತಿ ಯಂತ್ರಕ್ಕೂ ಸಂಖ್ಯೆಯ ಒಂದು ವಿಳಾಸ ಬೇಕು. ಹಳೆಯ ಬಗೆಯ ವಿಳಾಸಗಳು ಹಂಚಿ ಮುಗಿದು ವರ್ಷಗಳಾಗಿವೆ. ಹೊಸ ಬಗೆಯವು ಬೇಕಾದಷ್ಟಿದ್ದರೂ ಹಳೆಯ ಯಂತ್ರಗಳಿಗೆ ಅವು ಅರ್ಥವಾಗುವುದಿಲ್ಲ. ಹಾಗಾಗಿ ಕೊಚ್ಚಿಯ ವಿಳಾಸ ನೋಂದಣಿ ಸಂಸ್ಥೆ, ಹಿಂದೆ ಧಾರಾಳವಾಗಿ ಪಡೆದು ಬಳಸದೆ ಇಟ್ಟುಕೊಂಡವರಿಂದ ವಿಳಾಸಗಳನ್ನು ವಾಪಸು ಪಡೆದು, ಸಾಲಿನಲ್ಲಿ ಕಾಯುವವರಿಗೆ ಕೊಡುತ್ತಿತ್ತು. ತೊಂಬತ್ತರ ದಶಕದಲ್ಲಿ ತೀರಸೂಚನಾ ಕೇಂದ್ರಕ್ಕೆ ಸಿಕ್ಕಿದ್ದ ಅರವತ್ತೈದು ಸಾವಿರದ ಐನೂರ ಮೂವತ್ತಾರು ವಿಳಾಸಗಳನ್ನೂ ಹೀಗೆ ಹಿಂಪಡೆಯಬೇಕಿತ್ತು. ಕೇಂದ್ರ ಮುಚ್ಚಿ ಏಳು ವರ್ಷ. ಆದರೆ ನೋಟಿಸಿಗೆ ಆ ಸೀಲು, ಆ ಸಹಿ ಹೊತ್ತ ಉತ್ತರ ಬಂತು: ಎಲ್ಲ ವಿಳಾಸಗಳನ್ನೂ ಆಲುವದ ಶಂಖಮುದ್ರ ನೆಟ್‌ವರ್ಕ್ಸ್ ಎಂಬ ಕಂಪನಿಗೆ ವರ್ಗಾಯಿಸುತ್ತಿದ್ದೇವೆ.

ಆ ವರ್ಗಾವಣೆಗೆ ತಕರಾರಿದೆಯೋ ಇಲ್ಲವೋ ಎಂದು ಸಂಸ್ಥೆಯ ತನಿಖಾಧಿಕಾರಿ ನಿಶ್ಮಿತಾ ಇಂದು ಸಂಜೆ ಐದರೊಳಗೆ ಬರೆದು ಸಹಿ ಹಾಕಬೇಕು. ಅವಳ ಸಹಿಯಿಲ್ಲದೆ ವಿಳಾಸಗಳು ಕದಲುವುದಿಲ್ಲ.

ನೋಟಿಸು ಹೊರಡುವ ಮೊದಲೇ ಸೀಲು ತಯಾರಾಗಿತ್ತೆಂದರೆ, ವಿಳಾಸ ವಾಪಸು ಕೊಡಬೇಕಾದವರ ಪಟ್ಟಿ ಸಂಸ್ಥೆಯ ಒಳಗಿನಿಂದ ಸೋರಿತ್ತು. ಜನವರಿಯಲ್ಲಿ ಆ ಪಟ್ಟಿ ಕಂಡವರು ಮೂವರೇ. ಒಬ್ಬಳು ತಾನು. ಇನ್ನೊಬ್ಬಳು ಎಂಜಿನಿಯರ್ ಪ್ರತೀಕ್ಷಾ. ಮೂರನೆಯವರು ಸಂಸ್ಥೆಯ ಮುಖ್ಯಸ್ಥ ಮಹಾಲಿಂಗ ಭಟ್ಟರು.

ಅಂಗಡಿಯಿಂದ ಹೊರಬಂದು ಅವಳು ಪ್ರತೀಕ್ಷಾಗೆ ಫೋನ್ ಮಾಡಿದಳು.

"ನೋಡು, ಒಂದು ಸಂಗತಿ ಉಂಟು. ಸೀಲು ಮಾಡಿಸಿದ್ದು ಜನವರಿಯಲ್ಲಿ."

"ಏನ್ ಹೇಳ್ತಿದ್ದೀರಾ ಅಕ್ಕ! ಅಂದ್ರೆ ನಮ್ಮೋರೇ ಯಾರೋ..." ಪ್ರತೀಕ್ಷಾಳ ಬೆಂಗಳೂರಿನ ಕನ್ನಡ ಗಾಬರಿಯಲ್ಲಿ ಇನ್ನಷ್ಟು ಬಿರುಸಾಯಿತು. "ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಮಹಾಲಿಂಗ ಸರ್ ಬೆಳಗ್ಗೆಯಿಂದ ಮೂರು ಸಲ ಕೇಳಿದ್ರು, ನಿಶ್ಮಿತಾ ಎಲ್ಲಿ ಹೋದ್ಲು ಅಂತ. ಫೈಲ್ ಇವತ್ತೇ ಮುಗೀಬೇಕಂತೆ."

"ನಾನು ಪಟ್ಟಂಗೆ ಹೋಗಿ ಬರ್ತೇನೆ. ಹಳೆ ಕೇಂದ್ರದ ಕಟ್ಟಡ ಒಮ್ಮೆ ನೋಡಬೇಕು."

"ಅಲ್ಲಿ ಏನಿದೆ ಅಕ್ಕ, ಬರೀ ಧೂಳು. ಟೈಮ್ ವೇಸ್ಟ್. ವರದಿ ಕಳಿಸಿ ಬಿಡಿ."

ಆಟೋ ಹತ್ತಿದ ಐದು ನಿಮಿಷಕ್ಕೆ ಮಹಾಲಿಂಗ ಭಟ್ಟರದ್ದೇ ಕರೆ ಬಂತು.

"ಎಂತ ಆಯ್ತು, ನಿಶ್ಮಿತಾ? ಇನ್ನೂ ಹುಡುಕುವಂಥದ್ದು ಎಂತ ಉಂಟು ಅದರಲ್ಲಿ? ಅವರು ಕೊಡ್ತೇವೆ ಅಂತಾರೆ, ಇವರು ತೆಗೊಳ್ತೇವೆ ಅಂತಾರೆ."

"ಸಾಲಿನಲ್ಲಿ ಕಾಯುವವರು, ಸರ್?"

"ಐದು ಗಂಟೆ," ಎಂದು ಭಟ್ಟರು ಫೋನಿಟ್ಟರು.

ಸಾಲಿನಲ್ಲಿ ಮೊದಲು ನಿಂತವರು ಯಾರೆಂದು ಭಟ್ಟರಿಗೂ ಗೊತ್ತಿತ್ತು. ಕೊಚ್ಚಿಯಲ್ಲಿ ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಆರೈಕೆ ಮಾಡುವ ನರ್ಸುಗಳ ಸಂಘ. ಒಂಬೈನೂರು ಮನೆಗಳ ಆಮ್ಲಜನಕ ಯಂತ್ರಗಳು ನಿಂತರೆ ತಕ್ಷಣ ನರ್ಸಿಗೆ ತಿಳಿಯುವಂಥ ವ್ಯವಸ್ಥೆಗೆ ಅವರು ವಿಳಾಸ ಕೇಳಿ ಎರಡು ವರ್ಷವಾಗಿತ್ತು. ಸಂಘದ ಜುಬೈದಾ ತಿಂಗಳಿಗೊಮ್ಮೆ ಕಚೇರಿಗೆ ಬಂದು ನೆಲ ನೋಡುತ್ತ ಕೂರುತ್ತಿದ್ದಳು. ಕಳೆದ ಸಲ ಬಂದಾಗ ಅವಳು ಹೇಳಿದ್ದು ಒಂದೇ ಮಾತು: "ಕಾಯುವುದಕ್ಕೆ ನನಗೆ ಬೇಸರವಿಲ್ಲ, ಮೇಡಂ. ನನ್ನ ಹಿಂದೆ ನಿಂತವರು ಮುಂದೆ ಹೋಗದಿದ್ದರೆ ಸಾಕು."

ಪಟ್ಟಂನ ಆ ಕಟ್ಟಡದಲ್ಲಿ ಈಗ ಬೇರೆ ಯಾವುದೋ ಕಚೇರಿ. ಹಳೆಯ ಕೇಂದ್ರದವರು ಯಾರಾದರೂ ಇದ್ದಾರಾ ಎಂದು ಕೇಳಿದ್ದಕ್ಕೆ ಕಾವಲುಗಾರ ತಲೆಯೆತ್ತದೆ ಹಿಂಭಾಗದತ್ತ ಕೈ ತೋರಿಸಿದ. ಜನರೇಟರ್ ಶೆಡ್ಡಿನ ಪಕ್ಕದಲ್ಲಿ ಒಂದು ಬಾಗಿಲು. ತಟ್ಟುವ ಮೊದಲೇ ತೆರೆಯಿತು.

ಬಿಳಿಕೂದಲು, ಗಿಡ್ಡ ಜಡೆ.

"ದಾಕ್ಷಾಯಣಿಯಕ್ಕ ಅಲ್ವಾ?" ನಿಶ್ಮಿತಾ ಕನ್ನಡದಲ್ಲೇ ಕೇಳಿದಳು. "ನಾನು ನಿಶ್ಮಿತಾ. ಕೊಚ್ಚಿಯ ವಿಳಾಸ ನೋಂದಣಿ ಸಂಸ್ಥೆಯಿಂದ. ಊರು ಕಾಸರಗೋಡಿನ ಪೆರ್ಲ."

ಆ ಹೆಂಗಸು ಅವಳ ಗುರುತಿನ ಚೀಟಿಯನ್ನು ಕೈಗೆ ತೆಗೆದುಕೊಂಡರು. ಫೋಟೋ ನೋಡಿದರು, ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. ಅವರ ಮುಖದ ಬಣ್ಣ ಇಳಿದದ್ದನ್ನು ಕಂಡು ನಿಶ್ಮಿತಾ ಅದು ಭಯವೆಂದು ತಿಳಿದಳು.

"ಚಾಲೈಯಲ್ಲಿ ಸೀಲು ಮಾಡಿಸಿದ್ದು ನೀವು," ಎಂದಳು. "ಏಳು ಅಲೆ."

"ಹೌದು. ಸಹಿ ಹಾಕಿದ್ದೂ ನಾನೇ. ಇಪ್ಪತ್ತೆರಡು ವರ್ಷ ರಾಯರ ಸಹಿ ನೋಡಿದವಳಿಗೆ ಅದೆಂತ ದೊಡ್ಡ ವಿಷಯ?"

ಇಷ್ಟು ಬೇಗ ಒಪ್ಪಿಗೆ ಸಿಗುತ್ತದೆಂದು ನಿಶ್ಮಿತಾ ಎಣಿಸಿರಲಿಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ಒಮ್ಮೆಗೇ ಬೇಡವಾದವು.

"ಜೈಲಾಗ್ತದೆ. ಗೊತ್ತುಂಟಾ?"

"ಗೊತ್ತುಂಟು."

"ಮತ್ತೆ ಎಂತಕ್ಕೆ?"

"ಒಳಗೆ ಬನ್ನಿ. ಎಂತಕ್ಕೆ ಅಂತ ಒಳಗೆ ಉಂಟು."

ಒಳಗಿನ ಕೋಣೆಯಲ್ಲಿ ಮೂರು ಹಳೆಯ ಯಂತ್ರಗಳು, ಗಿರಗಿರ ಸದ್ದು ಮಾಡುವ ಒಂದು ಫ್ಯಾನು, ಮೂಲೆಯಲ್ಲಿ ಮಡಿಸಿಟ್ಟ ಚಾಪೆ. ಎದುರುಗೋಡೆಯ ಅಗಲಕ್ಕೂ ಒಂದು ಪರದೆ. ಪರದೆಯ ಮೇಲೆ ಕೇರಳದ ಕಡಲತೀರ. ಅದರ ಅಂಚಿಗೆ ಮಣಿ ಪೋಣಿಸಿದಂತೆ ಹಸಿರು ಚುಕ್ಕೆಗಳು.

"ಇನ್ನೂರ ಹದಿನಾಲ್ಕು," ಎಂದರು ದಾಕ್ಷಾಯಣಿ. "ಮುನಂಬಂನಿಂದ ಪೂವಾರ್‌ವರೆಗೆ. ಒಂದೊಂದು ಚುಕ್ಕೆ ಅಂದರೆ ಒಂದು ಕಂಬ. ಕಂಬದ ಮೇಲೆ ಧ್ವನಿವರ್ಧಕ, ಕೆಂಪು ದೀಪ. ಕಡಲು ಕೆಡುವ ಸೂಚನೆ ಬಂದರೆ ಇಲ್ಲಿಂದ ಒತ್ತಿದ ಕೂಡಲೇ ಅಲ್ಲಿ ಕೂಗ್ತದೆ. ಕೇಂದ್ರ ಮುಚ್ಚಿದರು. ಕಂಬಗಳನ್ನು ಕೀಳಲಿಕ್ಕೆ ಯಾರೂ ಬರಲಿಲ್ಲ. ನಾನೂ ಹೋಗಲಿಲ್ಲ. ಲೈನಿನ ಬಿಲ್ಲು ಮೀನುಗಾರರ ಸಂಘದವರು ಕಟ್ಟುತ್ತಾರೆ."

"ಆದರೆ ನಮ್ಮ ಸಮೀಕ್ಷೆಯಲ್ಲಿ ಇವು ಬಳಕೆಯಲ್ಲಿಲ್ಲ ಅಂತ..."

"ಸಮೀಕ್ಷೆ!" ಅವರ ಸ್ವರ ಮೊದಲ ಸಲ ಏರಿತು. "ಡಿಸೆಂಬರಿನಲ್ಲಿ ನಿಮ್ಮವರು ಯಾರೋ ಕೂತಲ್ಲಿಂದಲೇ ಅಂತರ್ಜಾಲದಲ್ಲಿ ನನ್ನ ಯಂತ್ರಗಳ ಬಾಗಿಲು ಮೂರು ಸಲ ತಟ್ಟಿದರು. ಉತ್ತರ ಬರಲಿಲ್ಲ. ಸತ್ತಿವೆ ಅಂತ ಬರೆದರು. ಕಂಡಕಂಡವರು ತಟ್ಟಿದರೆ ಉತ್ತರ ಕೊಡಬೇಡಿ ಅಂತ ನಾನೇ ಕಲಿಸಿಟ್ಟದ್ದು, ತಂಗೀ. ಇಲ್ಲದಿದ್ದರೆ ಯಾವನಾದರೂ ಒಳಗೆ ಹೊಕ್ಕು ನಡು ಮಧ್ಯಾಹ್ನ ಸುಳ್ಳು ಕೂಗಿಸಿ ಊರನ್ನೇ ಓಡಿಸಿಯಾನು. ಬಂದು ನೋಡುವವರು ಒಬ್ಬರಾದರೂ ಬೇಡವಾ?"

ನಿಶ್ಮಿತಾ ಪರದೆಯನ್ನು ನೋಡುತ್ತ ನಿಂತಳು. 'ಉತ್ತರವಿಲ್ಲ. ಬಳಕೆಯಲ್ಲಿಲ್ಲ.' ತಟ್ಟಿದ್ದು ಪ್ರತೀಕ್ಷಾ. ಆದರೆ ಆ ಸಾಲಿನ ಕೆಳಗೆ ಸಹಿ ಹಾಕಿದ್ದು ತಾನೇ. ನಲವತ್ತು ಹೆಸರುಗಳ ಪಟ್ಟಿ, ಶುಕ್ರವಾರದ ಸಂಜೆ, ರೈಲಿಗೆ ಹೊತ್ತಾಗಿತ್ತು. ಹಾಳೆ ಮಗುಚಿ ಮಗುಚಿ ಸಹಿ ಹಾಕಿದ್ದಳು.

"ಇವತ್ತು ಆರು ಗಂಟೆಗೆ ಒಂದು ಕೂಗು ಉಂಟು," ದಾಕ್ಷಾಯಣಿ ತಗ್ಗಿದ ದನಿಯಲ್ಲಿ ಹೇಳಿದರು. "ಕಳ್ಳಕ್ಕಡಲ್. ಗಾಳಿ ಇಲ್ಲ, ಮಳೆ ಇಲ್ಲ. ಎಲ್ಲೋ ದೂರದಲ್ಲಿ ಎದ್ದ ಅಲೆ ಒಮ್ಮೆಗೇ ಮನೆಯೊಳಗೆ ನುಗ್ಗುತ್ತದೆ. ಮೊಬೈಲಿಗೆ ಸಂದೇಶ ಬರ್ತದೆ, ಇಲ್ಲ ಅಂತಲ್ಲ. ಬಲೆ ಎಳೆಯುವವನ ಕೈಯಲ್ಲಿ ಮೊಬೈಲ್ ಎಲ್ಲಿ ಇರ್ತದೆ?"

"ನಮಗೆ ಬರೆಯಬಹುದಿತ್ತಲ್ಲ, ಅಕ್ಕ."

"ತಟ್ಟಿದವರು ನಿಮ್ಮವರು ಅಂತ ಗೊತ್ತಾದ ಕೂಡಲೇ, ಡಿಸೆಂಬರಿನಲ್ಲೇ ನಾಲ್ಕು ಪತ್ರ ಬರೆದೆ. ಅರವತ್ತೈದು ಸಾವಿರ ನನಗೆ ಎಂತಕ್ಕೆ? ಇನ್ನೂರ ಹದಿನಾಲ್ಕು ಬಿಟ್ಟು ಉಳಿದದ್ದೆಲ್ಲ ತೆಗೊಂಡು ಹೋಗಿ ಅಂತ. ನಿಮ್ಮ ಫಾರಂನಲ್ಲಿ ಎರಡೇ ಚೌಕ. ಬಳಕೆಯಲ್ಲಿದೆ, ಬಳಕೆಯಲ್ಲಿಲ್ಲ. ಸ್ವಲ್ಪ ಬಳಕೆಯಲ್ಲಿದೆ ಅಂತ ಎಲ್ಲಿ ಗೀಟು ಹಾಕುವುದು?"

ಆ ಪತ್ರಗಳಲ್ಲಿ ಒಂದನ್ನೂ ನಿಶ್ಮಿತಾ ಕಂಡಿರಲಿಲ್ಲ.

"ಅದಕ್ಕೆ ಎಲ್ಲವನ್ನೂ ಶಂಖಮುದ್ರಕ್ಕೆ ಕೊಟ್ಟಿರಾ?" ಅವಳಿಗೂ ಸಿಟ್ಟು ಬಂತು. ಅದರಲ್ಲಿ ಅರ್ಧ ತನ್ನ ಮೇಲಿನದು. "ಸಾಲಿನಲ್ಲಿ ಮೊದಲು ನಿಂತವರು ಯಾರು ಅಂತ ಗೊತ್ತುಂಟಾ? ನರ್ಸುಗಳು. ಉಸಿರಾಡಲಿಕ್ಕೆ ಯಂತ್ರ ಬೇಕಾದ ಒಂಬೈನೂರು ಜನ ಅವರ ಕೈಯಲ್ಲಿದ್ದಾರೆ. ಎರಡು ವರ್ಷದಿಂದ ಕಾಯ್ತಾ ಇದ್ದಾರೆ. ನಿಮ್ಮ ಒಂದು ಸೀಲಿನಿಂದ ಅವರ ಪಾಲು ಹೋಯಿತು. ಅದನ್ನು ಶಂಖಮುದ್ರದವರು ಹೆಚ್ಚು ಕೊಟ್ಟವರಿಗೆ ಮಾರ್ತಾರೆ."

ದಾಕ್ಷಾಯಣಿ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ನನಗೆ ಹಾಗೆ ಹೇಳಲಿಲ್ಲ," ಎಂದರು. "ಸಾಲಿನಲ್ಲಿ ಇರುವುದೆಲ್ಲ ದೊಡ್ಡ ದೊಡ್ಡ ಕಂಪನಿಗಳು, ಯಾರಿಗೆ ಹೋದರೂ ನಿಮ್ಮ ಕಂಬ ಉಳಿಯುವುದಿಲ್ಲ ಅಂದಳು. ಶಂಖಮುದ್ರದವರು ಮಾತ್ರ ಇನ್ನೂರ ಹದಿನಾಲ್ಕನ್ನು ಬಿಟ್ಟುಕೊಡ್ತಾರೆ, ನೀವೊಂದು ಪತ್ರ ಕಳಿಸಿದರೆ ಸಾಕು ಅಂದಳು. ಹೊಸವರ್ಷ ಕಳೆದು ನಾಲ್ಕೇ ದಿನಕ್ಕೆ ಬಂದಿದ್ದಳು. ನನ್ನ ನಾಲ್ಕೂ ಪತ್ರ ಅವಳ ಕೈಯಲ್ಲಿತ್ತು."

ಬೆಳಗಿನಿಂದ ನಿಶ್ಮಿತಾಳ ಮನಸ್ಸಿನಲ್ಲಿ ಇದ್ದದ್ದು ಮಹಾಲಿಂಗ ಭಟ್ಟರ ಮುಖ.

"ಅಂದಳು? ಯಾರು ಅಂದದ್ದು?"

ದಾಕ್ಷಾಯಣಿ ಮೇಜಿನ ಖಾನೆ ಎಳೆದು ಒಂದು ವಿಸಿಟಿಂಗ್ ಕಾರ್ಡನ್ನು ಅವಳ ಮುಂದೆ ಇಟ್ಟರು. ಸಂಸ್ಥೆಯ ಲಾಂಛನ. ನಿಶ್ಮಿತಾ ಎಂಬ ಹೆಸರು. ತನಿಖಾಧಿಕಾರಿ.

"ಹಾಗಾಗಿ ನಿಮ್ಮ ಫೋಟೋವನ್ನು ಎರಡೆರಡು ಸಲ ನೋಡಿದ್ದು. ನಿಶ್ಮಿತಾ ಅಂತ ಹೇಳಿಕೊಂಡು ಇಲ್ಲಿಗೆ ಬಂದವರಲ್ಲಿ ನೀವು ಎರಡನೆಯವರು." ಅವರ ಕಣ್ಣು ತುಂಬಿತ್ತು. "ಮೂವತ್ತು ವರ್ಷ ಆಯ್ತು ಈ ಊರಿಗೆ ಬಂದು. ಬಾಗಿಲಿಗೆ ಬಂದು ಕನ್ನಡದಲ್ಲಿ ಮಾತಾಡಿಸುವವರು ಎಷ್ಟು ಜನ? ನಮ್ಮ ಕಡೆಯ ಮಾತಲ್ಲ ಅಂತ ಗೊತ್ತಾಯಿತು. ಆದರೂ ಕನ್ನಡ ಅಲ್ಲವಾ? ಕೂರಿಸಿ ಚಹಾ ಕೊಟ್ಟೆ. ನಂಬಿದೆ."

ಆ ಹೊತ್ತಿಗೇ ಫೋನು ಬಡಿದುಕೊಂಡಿತು. ಪ್ರತೀಕ್ಷಾ. ಫ್ಯಾನಿನ ಸದ್ದಿನಲ್ಲಿ ಕೇಳಿಸಲೆಂದು ನಿಶ್ಮಿತಾ ಸ್ಪೀಕರಿಗೆ ಹಾಕಿದಳು.

"ಅಕ್ಕ, ಎಲ್ಲಿದ್ದೀರಾ? ಸರ್ ಮತ್ತೆ ಕೇಳಿದ್ರು. ವರದಿ ಕಳಿಸಿಬಿಡಿ, ಮುಂದಿನದ್ದೆಲ್ಲ ನಾನು ನೋಡ್ಕೋತೀನಿ."

ದಾಕ್ಷಾಯಣಿಯ ಕೈ ನಿಶ್ಮಿತಾಳ ಮುಂಗೈಯನ್ನು ಗಟ್ಟಿಯಾಗಿ ಹಿಡಿಯಿತು. ಅವರ ತುಟಿ ಅಲುಗಿತು, ದನಿ ಹೊರಡಲಿಲ್ಲ. ಆದರೂ ಮಾತು ತಿಳಿಯಿತು.

ಇವಳೇ.

ಮೂರು ವರ್ಷ ಒಂದೇ ಮೇಜಿನಲ್ಲಿ ಕೂತು ಬುತ್ತಿ ಬಿಚ್ಚಿದವಳು. ತನ್ನ ಅಮ್ಮನ ಕಣ್ಣಿನ ಆಪರೇಷನ್ನಿಗೆ ಕಾಸರಗೋಡಿನವರೆಗೆ ಜೊತೆಗೆ ಬಂದವಳು. ಅಕ್ಕ ಎಂದು ಕರೆದವಳು. ನಿಶ್ಮಿತಾ ದನಿಯನ್ನು ಸಮ ಮಾಡಿಕೊಂಡಳು.

"ಇಲ್ಲಿ ಯಾರೂ ಸಿಗಲಿಲ್ಲ, ಪ್ರತೀ. ಬಾಗಿಲು ಹಾಕಿತ್ತು. ಸ್ಟೇಷನ್ನಿಗೆ ಹೊರಟಿದ್ದೇನೆ."



"ಸುಳ್ಳು ಹೇಳೋಕೆ ಬರಲ್ಲ ನಿಮಗೆ," ಎಂದಳು ಪ್ರತೀಕ್ಷಾ. ಅದರಲ್ಲಿ ಗೇಲಿ ಇರಲಿಲ್ಲ. "ಗೋಡೆ ಮೇಲಿನ ಪರದೆ ನೋಡಿ, ಅಕ್ಕ. ಮೇಲಿಂದ."

ನಿಶ್ಮಿತಾ ತಿರುಗಿದಳು. ಎಲ್ಲಕ್ಕಿಂತ ಮೇಲಿದ್ದ ಮುನಂಬಂನ ಚುಕ್ಕೆ ಕೆಂಪಾಗಿತ್ತು. ಅವಳು ನೋಡುತ್ತಿದ್ದಂತೆ ಅದರ ಕೆಳಗಿನ ಚೆರಾಯಿ ಕೆಂಪಾಯಿತು. ಆಮೇಲೆ ಅದರ ಕೆಳಗಿನದು.

ದಾಕ್ಷಾಯಣಿ ಓಡಿಹೋಗಿ ಕೀಲಿಮಣೆಯ ಮುಂದೆ ಕೂತರು. "ನಮ್ಮ ವಿಳಾಸಗಳನ್ನು ಯಾರೋ ತಮ್ಮದು ಅಂತ ಲೋಕಕ್ಕೆಲ್ಲ ಸಾರ್ತಾ ಇದ್ದಾರೆ! ನಾನು ಕಂಬಕ್ಕೆ ಕಳಿಸಿದ್ದೆಲ್ಲ ಅವರಲ್ಲಿಗೆ ಹೋಗ್ತಾ ಉಂಟು."

"ನಾನು ಆಲುವದಲ್ಲಿ, ಶಂಖಮುದ್ರ ಆಫೀಸಲ್ಲಿದ್ದೀನಿ," ಪ್ರತೀಕ್ಷಾ ಅವಸರ ಅವಸರವಾಗಿ ಹೇಳಿದಳು. "ನೀವು 'ತಕರಾರಿಲ್ಲ' ಅಂತ ಸಹಿ ಮಾಡಿ ಕಳಿಸಿದ ತಕ್ಷಣ ಎಲ್ಲ ಮೊದಲಿನ ಥರ ಆಗುತ್ತೆ. ಕಳಿಸಿಲ್ಲ ಅಂದ್ರೆ ಆರು ಗಂಟೆಗೆ ಆ ಅಮ್ಮ ಏನು ಕೂಗಿದ್ರೂ ಯಾರಿಗೂ ಕೇಳಿಸಲ್ಲ. ದಯವಿಟ್ಟು, ಅಕ್ಕ. ಹಟ ಮಾಡಬೇಡಿ."

ಗೋಡೆ ಗಡಿಯಾರದಲ್ಲಿ ನಾಲ್ಕು ನಲವತ್ತೊಂದು. ಕೆಂಪು ಬಣ್ಣ ಕೊಚ್ಚಿಯ ಅಳಿವೆ ದಾಟಿ ಚೆಲ್ಲಾನಂ ಕಡೆಗೆ ಇಳಿಯುತ್ತಿತ್ತು.

ನಿಶ್ಮಿತಾ ಲ್ಯಾಪ್‌ಟಾಪ್ ತೆರೆದಳು. ವರದಿಯಲ್ಲಿಯೂ ಎರಡೇ ಚೌಕ. ಬೆರಳು 'ತಕರಾರಿಲ್ಲ' ಎಂಬುದರ ಮೇಲೆ ನಿಂತಿತು. ಆರು ಗಂಟೆಗೆ ನೀರು ನುಗ್ಗುವ ಮನೆಗಳಲ್ಲಿ ಯಾರ್‍ಯಾರು ಇರುತ್ತಾರೋ ಅವಳಿಗೆ ತಿಳಿಯದು. ಅವಳು ದಾಕ್ಷಾಯಣಿಯ ಕಡೆ ನೋಡಿದಳು. ಒಂದು ಮಾತು ಆಕೆ ಹೇಳಿದ್ದರೆ ಸಾಕಿತ್ತು, ಸಹಿ ಹಾಕಿಬಿಡುತ್ತಿದ್ದಳು.

ದಾಕ್ಷಾಯಣಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹಾಕಬೇಡ, ಮಗಾ," ಎಂದರು. "ಇವತ್ತು ಹಾಕಿದರೆ ನನ್ನ ಕಂಬಗಳು ದಿನಾ ಇವರ ಬೆರಳ ತುದಿಯಲ್ಲಿ. ಇವಳ ಮಾತನ್ನು ನಾನು ಒಮ್ಮೆ ನಂಬಿ ಆಯ್ತಲ್ಲ? ಆ ನರ್ಸುಗಳ ಪಾಲು ಅವರಿಗೆ ಹೋಗಲಿ. ಆರು ಗಂಟೆಯದ್ದು ನನಗೆ ಬಿಡು."

"ಅಕ್ಕ, ಅವರ ಮಾತು ಕೇಳಬೇಡಿ!"

ನಿಶ್ಮಿತಾ ಇನ್ನೊಂದು ಚೌಕದಲ್ಲಿ ಗುರುತು ಹಾಕಿದಳು. ಸಹಿ ಮಾಡಿದಳು. ಕಳಿಸಿದಳು.

ಮರುಕ್ಷಣ ಪರದೆಯ ಮೇಲೆ ಉಳಿದಿದ್ದ ಹಸಿರೆಲ್ಲ ಒಟ್ಟಿಗೇ ಹೋಯಿತು. ಮುನಂಬಂನಿಂದ ಪೂವಾರ್‌ವರೆಗೆ ಇಡೀ ಕಡಲತೀರ ಕೆಂಪಗೆ ಉರಿಯಿತು.

ಪ್ರತೀಕ್ಷಾ ಬೈಯಲಿಲ್ಲ, ಬೆದರಿಸಲಿಲ್ಲ. ಅವಳಿಂದ ಹೊರಟದ್ದು ಅಳುವಿಗೆ ಹತ್ತಿರವಾದ ಒಂದು ದನಿ.

"ಅಯ್ಯೋ, ಏನ್ ಮಾಡಿಬಿಟ್ರಿ ಅಕ್ಕ... ಅದನ್ನ ವಾಪಸ್ ಹಸಿರು ಮಾಡೋದು ನನ್ನ ಕೈಲಿಲ್ಲ. ಇಲ್ಲಿ ಬಾಗಿಲು ಹೊರಗಿಂದ ಹಾಕಿದ್ದಾರೆ. ನನ್ನನ್ನ ಇವರು..."

ಫೋನು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಬಳಿಕ ಯಾರೋ ಗಂಡಸು ಅದನ್ನು ಎತ್ತಿಕೊಂಡು ತುಂಬ ಶಾಂತವಾಗಿ ಮಲಯಾಳದಲ್ಲಿ, "ನಿಶ್ಮಿತಾ ಮೇಡಂ, ನೀವು ಅಲ್ಲೇ ಇರಿ," ಎಂದ.

ಅದೇ ಹೊತ್ತಿಗೆ ಹೊರಗೆ, ಜನರೇಟರ್ ಶೆಡ್ಡಿನ ಪಕ್ಕದಲ್ಲಿ ಒಂದು ಕಾರು ಬಂದು ನಿಂತಿತು.